ಯುದ್ಧಕಾಲದ ಭಿತ್ತಿಪತ್ರಗಳು: ಕೊಟ್ಟೂರು ಸೀಮೆಯ ದೃಷ್ಟಿಯಿಂದ ಒಂದು ವಿವೇಚನೆ

ಯುದ್ಧವು ಆಯುಧಗಳಿಂದ ಎಷ್ಟು ನಡೆಯುವುದೋ ಮಾತಿನಿಂದಲೂ ಅಷ್ಟೇ ನಡೆಯುವುದೆಂಬುದು ಹೊಸ ಸಂಗತಿಯಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ದೊರಕಿಸಿಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕಾಳಗಕ್ಕೆ ಮುನ್ನ ಸೂತಮಾಗಧರು ಸೇನೆಯ ಮುಂದೆ ನಿಂತು ಶೂರರಿಗೆ ಸ್ವರ್ಗವುಂಟೆಂತಲೂ ಹೇಡಿಗಳಿಗೆ ಅದಿಲ್ಲವೆಂತಲೂ ಸಾರಬೇಕೆಂದು ವಿಧಿಸಿದೆ. ಚಿತ್ರವನ್ನು ರಾಜಕಾರ್ಯಕ್ಕೆ ಉಪಯೋಗಿಸುವುದೂ ಹಳೆಯದೇ. ಮುದ್ರಾರಾಕ್ಷಸ ನಾಟಕದಲ್ಲಿ ಚಾಣಕ್ಯನ ಚಾರನು ಯಮಪಟವನ್ನು ಹಿಡಿದುಕೊಂಡು ಮನೆಮನೆಗಳನ್ನು ಹೊಕ್ಕು ವರ್ತಮಾನ ತರುತ್ತಾನೆ. ಬಾಣನ ಹರ್ಷಚರಿತದಲ್ಲಿ ಅಂಗಡಿಬೀದಿಯ ನಡುವೆ ಮಕ್ಕಳ ಗುಂಪಿನಿಂದ ಸುತ್ತುವರಿಯಲ್ಪಟ್ಟ ಯಮಪಟ್ಟಿಕನೊಬ್ಬನು ಕಾಣಿಸಿಕೊಳ್ಳುತ್ತಾನೆ. ಹೀಗಿರಲು, ಇಪ್ಪತ್ತನೆಯ ಶತಮಾನದ ಎರಡು ಮಹಾಯುದ್ಧಗಳಲ್ಲಿ ಗೋಡೆಗೋಡೆಗೂ ಅಂಟಿಸಲ್ಪಟ್ಟ ಭಿತ್ತಿಪತ್ರಗಳಲ್ಲಿ ಹೊಸತೇನೆಂದು ಕೇಳಿದರೆ, ಹೇಳಬೇಕಾದುದು ಒಂದೇ: ಯಮಪಟದ ಪಕ್ಕದಲ್ಲಿ ಅದನ್ನು ಬೆರಳಿಟ್ಟು ವಿವರಿಸುವವನೊಬ್ಬನಿದ್ದನು, ಭಿತ್ತಿಪತ್ರದ ಪಕ್ಕದಲ್ಲಿ ಯಾರೂ ಇಲ್ಲ. ಒಂದೇ ಚಿತ್ರ, ಒಂದೇ ವಾಕ್ಯ, ಲಕ್ಷಗಟ್ಟಲೆ ಪ್ರತಿಗಳು. ಹೇಳುವವನು ಮಾತ್ರ ಅದೃಶ್ಯ.

ಈ ಅದೃಶ್ಯತ್ವವು ಸಾಮಾನ್ಯವಾದುದಲ್ಲ. ಮೀಮಾಂಸಕರು ವಿಧಿವಾಕ್ಯವು ಮನುಷ್ಯನನ್ನು ಹೇಗೆ ಪ್ರವರ್ತನೆಗೊಳಿಸುತ್ತದೆಂಬುದನ್ನು ಬಹು ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಲೌಕಿಕವಾಕ್ಯದಲ್ಲಿ ‘ಹಸುವನ್ನು ತಾ’ ಎಂದರೆ ಪ್ರೇರಣೆಯಿರುವುದು ಹೇಳಿದ ಪುರುಷನ ಅಭಿಪ್ರಾಯದಲ್ಲಿ. ವೇದವಾಕ್ಯಕ್ಕೆ ಹೇಳುವ ಪುರುಷನಿಲ್ಲದ ಕಾರಣ ಆ ಪ್ರೇರಣೆಯು ಶಬ್ದದಲ್ಲಿಯೇ ಇದೆಯೆಂಬುದು ಅವರ ಮತ. ಇದನ್ನೇ ಶಾಬ್ದೀಭಾವನೆಯೆಂದು ಕರೆದು, ಅದಕ್ಕೆ ಸಹಾಯಕವಾಗಿ ಅರ್ಥವಾದವನ್ನು, ಎಂದರೆ ಸ್ತುತಿನಿಂದೆಗಳನ್ನು, ಹೇಳಿದ್ದಾರೆ. ಯುದ್ಧಕಾಲದ ಭಿತ್ತಿಪತ್ರವು ಲೌಕಿಕವಾಕ್ಯವೇ ಆದರೂ ವೇದವಾಕ್ಯದ ವೇಷವನ್ನು ಧರಿಸಬಯಸುತ್ತದೆ. ‘ದೇಶವು ನಿನ್ನನ್ನು ಕರೆಯುತ್ತಿದೆ’ ಎಂಬಲ್ಲಿ ಕರೆಯುವವನು ಯಾವ ಮಂತ್ರಿ, ಯಾವ ಕಚೇರಿ ಎಂಬುದು ಮರೆಯಾಗಿ, ದೇಶವೆಂಬ ಪದವೇ ಆಜ್ಞಾಪಿಸುವಂತೆ ತೋರುತ್ತದೆ. ಸೇನೆಗೆ ಸೇರೆಂಬುದು ವಿಧಿ. ಸೇರಿದವನ ಕೀರ್ತಿ, ಸೇರದವನ ನಾಚಿಕೆ, ಶತ್ರುವಿನ ಕ್ರೌರ್ಯ ಇವೆಲ್ಲವೂ ಅರ್ಥವಾದ. ಶಾಸ್ತ್ರಪಾಠ ಹೇಳುವ ಅಧ್ಯಾಪಕರಿಗೆ ಅರ್ಥವಾದಕ್ಕೆ ಇದಕ್ಕಿಂತ ಸುಲಭವಾದ ಉದಾಹರಣೆ ಸಿಕ್ಕುವುದು ಕಷ್ಟ.

ಇಂಗ್ಲೆಂಡಿನ ಕಥೆಯನ್ನು ಮೊದಲು ನೋಡಬೇಕು. ಅಲ್ಲಿಂದಲೇ ಈ ಮಾದರಿಯು ಭಾರತಕ್ಕೆ ಬಂದಿತು. ಅಲ್ಲಿ ೧೯೧೬ರ ಆರಂಭದವರೆಗೂ ಕಡ್ಡಾಯದ ಸೈನ್ಯಸೇವೆಯಿರಲಿಲ್ಲ. ಆದುದರಿಂದ ಜನರನ್ನು ಮಾತಿನಿಂದಲೇ ಒಲಿಸಬೇಕಾಗಿದ್ದಿತು. ಪಾರ್ಲಿಮೆಂಟಿನ ಪಕ್ಷಗಳೆಲ್ಲ ಸೇರಿ ಏರ್ಪಡಿಸಿದ ಸಮಿತಿಯೊಂದು ನೂರಕ್ಕೂ ಮಿಕ್ಕ ಬಗೆಯ ಭಿತ್ತಿಪತ್ರಗಳನ್ನು ಕೋಟಿಗೂ ಮೀರಿದ ಪ್ರತಿಗಳಲ್ಲಿ ಹೊರಡಿಸಿತು. ಲಾರ್ಡ್ ಕಿಚನರನು ಬೆರಳು ನೀಟಿ ನೋಡುವವನನ್ನೇ ದಿಟ್ಟಿಸುವ ಚಿತ್ರವನ್ನು ಕಾಣದವರು ಕಡಿಮೆ. ಆಲ್ಫ್ರೆಡ್ ಲೀಟ್ ಎಂಬ ಚಿತ್ರಕಾರನ ಆ ಕೃತಿಯು ೧೯೧೪ನೆಯ ಸೆಪ್ಟೆಂಬರು ೫ರಂದು ‘ಲಂಡನ್ ಒಪೀನಿಯನ್’ ಎಂಬ ವಾರಪತ್ರಿಕೆಯ ಮುಖಪುಟವಾಗಿ ಹೊರಟಿತು. ಇಂಗ್ಲೆಂಡು ಆ ಬೆರಳಿನಿಂದಲೇ ಸೈನ್ಯವನ್ನು ಕೂಡಿಸಿತೆಂಬ ಪ್ರತೀತಿ ಬಹುಕಾಲ ನಡೆದುಬಂದಿತು. ಈಚಿನ ಸಂಶೋಧಕರು ಇದನ್ನು ಒಪ್ಪುವುದಿಲ್ಲ. ಅದು ಮೇಲೆ ಹೇಳಿದ ಸಮಿತಿಯು ಹೊರಡಿಸಿದ ಪತ್ರವೇ ಅಲ್ಲವೆಂತಲೂ, ಅದರ ಖ್ಯಾತಿಯು ಬಹುಮಟ್ಟಿಗೆ ಯುದ್ಧಾನಂತರದ್ದೆಂತಲೂ ಅವರು ತೋರಿಸಿದ್ದಾರೆ. ಅದಕ್ಕಿಂತ ಮುಖ್ಯವಾದ ಸಂಗತಿಯೊಂದುಂಟು. ಒಂದೇ ತಿಂಗಳಲ್ಲಿ ಅತ್ಯಧಿಕ ಜನ, ಎಂದರೆ ಸುಮಾರು ೪,೬೨,೦೦೦ ಮಂದಿ, ಸೇನೆಗೆ ಸೇರಿದ್ದು ೧೯೧೪ರ ಸೆಪ್ಟೆಂಬರಿನಲ್ಲಿ. ಭಿತ್ತಿಪತ್ರಗಳ ಮಹಾಪೂರವಾದರೋ ಅದರ ಮುಂದಿನ ತಿಂಗಳುಗಳದು. ೧೯೧೫ರಲ್ಲಿ ಪತ್ರಗಳು ಹೆಚ್ಚಿದಂತೆಲ್ಲ ಸೇರುವವರ ಸಂಖ್ಯೆ ಇಳಿಯುತ್ತ ಬಂದು, ಕೊನೆಗೆ ಕಾಯಿದೆಯನ್ನೇ ಮಾಡಬೇಕಾಯಿತು. ಪತ್ರಗಳು ಜನರ ಉತ್ಸಾಹಕ್ಕೆ ಕಾರಣವೆನ್ನುವುದಕ್ಕಿಂತ, ಉತ್ಸಾಹವು ಕುಗ್ಗಿದುದು ಪತ್ರಗಳಿಗೆ ಕಾರಣವೆನ್ನುವುದೇ ಹೆಚ್ಚು ಯುಕ್ತವಾಗಿ ತೋರುತ್ತದೆ.

ಉತ್ಸಾಹವು ಕುಗ್ಗಿದಂತೆ ಪತ್ರಗಳ ಧ್ವನಿ ಬದಲಾದ ರೀತಿಯೂ ಗಮನಿಸತಕ್ಕದ್ದು. ಮಮ್ಮಟನು ಉಪದೇಶವನ್ನು ಪ್ರಭುಸಂಮಿತ, ಸುಹೃತ್ಸಂಮಿತ, ಕಾಂತಾಸಂಮಿತವೆಂದು ಮೂರಾಗಿ ವಿಂಗಡಿಸಿದ್ದು ಸಾಹಿತ್ಯದ ವಿದ್ಯಾರ್ಥಿಗಳಿಗೆಲ್ಲ ತಿಳಿದ ವಿಷಯ. ಕಿಚನರನ ಬೆರಳು ಪ್ರಭುಸಂಮಿತ. ಒಡನಾಡಿಗಳು ಕಂದಕದಲ್ಲಿ ನಿಂತು ‘ನೀನೂ ಬಾ’ ಎಂದು ಕರೆಯುವ ಪತ್ರಗಳು ಸುಹೃತ್ಸಂಮಿತ. ೧೯೧೫ರಲ್ಲಿ ಹೊರಟ ಪ್ರಸಿದ್ಧ ಪತ್ರವೊಂದರಲ್ಲಿ ಹೆಂಗಸರು ಕಿಟಕಿಯ ಬಳಿ ನಿಂತು ತೆರಳುತ್ತಿರುವ ಪಡೆಯನ್ನು ನೋಡುತ್ತಿದ್ದಾರೆ. ಬ್ರಿಟನ್ನಿನ ಸ್ತ್ರೀಯರು ‘ಹೋಗು’ ಎನ್ನುತ್ತಾರೆಂದು ಅದರ ಬರಹ. ಅದೇ ವರ್ಷದ ಇನ್ನೊಂದರಲ್ಲಿ ಮಗಳು ತಂದೆಯ ತೊಡೆಯ ಮೇಲೆ ಕುಳಿತು, ಮಹಾಯುದ್ಧದಲ್ಲಿ ನೀನೇನು ಮಾಡಿದೆ ಎಂದು ಕೇಳುತ್ತಾಳೆ. ತಂದೆ ಉತ್ತರವಿಲ್ಲದೆ ಎದುರಿಗೆ ನೋಡುತ್ತಾನೆ. ಇವು ಕಾಂತಾಸಂಮಿತದ ಕಡೆಗೆ ಸಾಗಿದವು. ಆದರೆ ಮಮ್ಮಟನ ಕಾಂತೆಯು ಸರಸತೆಯಿಂದ ಒಲಿಸಿಕೊಳ್ಳುವವಳು. ಈ ಪತ್ರಗಳ ಕಾಂತೆಯು ನಾಚಿಕೆಪಡಿಸುವವಳು. ರಸವಿಲ್ಲದ ಕಾಂತಾಸಂಮಿತವು ಪ್ರಭುಸಂಮಿತಕ್ಕಿಂತಲೂ ಕಟುವಾದೀತೆಂಬುದಕ್ಕೆ ಇವು ಸಾಕ್ಷಿ.

ಮನುಷ್ಯನು ಒಂದು ಕಾರ್ಯದಲ್ಲಿ ತೊಡಗಬೇಕಾದರೆ ಮೂರು ವಿಧವಾದ ಜ್ಞಾನ ಬೇಕೆಂದು ನೈಯಾಯಿಕರು ಹೇಳುತ್ತಾರೆ: ಇದು ನನ್ನಿಂದ ಆಗುವಂಥದು, ಇದರಿಂದ ನನಗೆ ಇಷ್ಟಸಿದ್ಧಿ, ಇದರಿಂದ ಅದಕ್ಕಿಂತ ಬಲವತ್ತರವಾದ ಅನಿಷ್ಟವಿಲ್ಲ. ಸೈನ್ಯಕ್ಕೆ ಕರೆಯುವ ಪತ್ರಗಳು ಮೊದಲನೆಯ ಎರಡನ್ನು ಧಾರಾಳವಾಗಿ ಒದಗಿಸುತ್ತವೆ. ಮೊದಲನೆಯ ಯುದ್ಧಕಾಲದ ಉರ್ದು ಪತ್ರವೊಂದರಲ್ಲಿ ಸಮವಸ್ತ್ರ, ಹಣ, ಬಂದೂಕು ಇವನ್ನಷ್ಟೇ ಚಿತ್ರಿಸಿ, ಇವನ್ನು ಯಾರು ಪಡೆಯುತ್ತಾರೆ, ಸೇನೆಗೆ ಸೇರುವವನೇ ಪಡೆಯುತ್ತಾನೆ ಎಂಬರ್ಥದ ಮಾತನ್ನು ಬರೆದಿದೆ. ಅದರಲ್ಲಿ ಮನುಷ್ಯನೇ ಇಲ್ಲ. ತೊಡುವವನಿಗಾಗಿ ಉಡುಪು ಕಾದಿದೆ. ಮೂರನೆಯ ಜ್ಞಾನದ ವಿಷಯದಲ್ಲಿ ಇಂಥ ಪತ್ರಗಳದು ಮೌನ. ಸೇರಿದವನು ಸಾಯಬಹುದೆಂಬುದು ಚಿತ್ರದಲ್ಲಿ ಎಲ್ಲಿಯೂ ಇಲ್ಲ. ಮೊದಲನೆಯ ಮಹಾಯುದ್ಧಕ್ಕೆ ಭಾರತದಿಂದ ಹದಿಮೂರು ಲಕ್ಷಕ್ಕೂ ಮಿಕ್ಕ ಜನ ಹೋಗಿ, ಅವರಲ್ಲಿ ೭೦,೦೦೦ಕ್ಕೂ ಹೆಚ್ಚು ಮಂದಿ ಹಿಂದಿರುಗಲಿಲ್ಲ.

ಈ ಮೌನದ ಬೆಲೆ ಕೊಟ್ಟೂರಿನಂತಹ ಸೀಮೆಯಲ್ಲಿ ನಿಂತು ನೋಡಿದರೆ ಸ್ಪಷ್ಟವಾಗುತ್ತದೆ. ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಎರಡು ಯುದ್ಧಗಳ ಕಾಲದಲ್ಲಿಯೂ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯ ಭಾಗವಾಗಿದ್ದುವು. ಕ್ರಿ.ಶ. ೧೮೦೦ರಲ್ಲಿ ನಿಜಾಮನಿಂದ ಕಂಪೆನಿಯ ವಶವಾದ ದತ್ತಮಂಡಲದ ಪಶ್ಚಿಮದ ಅಂಚಿದು. ಆಳುವ ಕಚೇರಿ ದೂರದ ಮದ್ರಾಸಿನಲ್ಲಿ. ಪ್ರಾಂತದ ಭಾಷೆಗಳೊಳಗೆ ತಮಿಳು ತೆಲುಗುಗಳೇ ಪ್ರಬಲ. ಕನ್ನಡಕ್ಕೆ ಹಿಂದಿನ ಸಾಲಿನ ಸ್ಥಾನ. ೧೯೦೫ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ರೈಲುಮಾರ್ಗ ಬಂದ ಮೇಲೆ ಹೊರಗಿನ ವರ್ತಮಾನಗಳು ಬೇಗನೆ ತಲುಪಲು ದಾರಿಯಾಯಿತು. ಆದರೆ ಅಕ್ಷರ? ೧೯೩೧ರ ಜನಗಣತಿಯ ವೇಳೆಗೂ ಭಾರತದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಹತ್ತು ಮಂದಿಗಿಂತ ಕಡಿಮೆ. ಗೋಡೆಯ ಮೇಲಿನ ವಾಕ್ಯವನ್ನು ಒಬ್ಬನು ಓದಿ ಉಳಿದ ಒಂಬತ್ತು ಜನ ಕೇಳಬೇಕು. ಹೇಳುವವನಿಲ್ಲದ ಪತ್ರಕ್ಕೆ ಹಳ್ಳಿಯು ಹೀಗೆ ಮತ್ತೊಬ್ಬ ಯಮಪಟ್ಟಿಕನನ್ನು ಒದಗಿಸಿತು. ಅವನು ಪತ್ರದಲ್ಲಿದ್ದುದನ್ನೇ ಹೇಳುವನೆಂಬ ನಿಯಮವೇನೂ ಇರಲಿಲ್ಲ.

ಕೇಳಿದ ಮಾತಿನ ಬಲವು ಅಚ್ಚಿನ ಮಾತಿಗಿಂತ ಹೆಚ್ಚೆಂಬುದನ್ನು ಮದ್ರಾಸ್ ಸರಕಾರವು ಬಹು ಬೇಗ ಕಲಿತುಕೊಂಡಿತು. ೧೯೧೪ನೆಯ ಸೆಪ್ಟೆಂಬರು ೨೨ರ ರಾತ್ರಿ ಜರ್ಮನಿಯ ‘ಎಂಡೆನ್’ ನೌಕೆಯು ಮದ್ರಾಸಿನ ರೇವಿನ ಮೇಲೆ ಗುಂಡುಹಾರಿಸಿ ಎಣ್ಣೆಯ ತೊಟ್ಟಿಗಳನ್ನು ಸುಟ್ಟಿತು. ನಷ್ಟವು ಅಲ್ಪ, ಭಯವು ಅಪಾರ. ಸಾವಿರಾರು ಜನ ಊರು ಬಿಟ್ಟರು. ನೌಕೆಯ ಹೆಸರು ತಮಿಳು ಮಲೆಯಾಳಗಳಲ್ಲಿ ಚತುರನಿಗೂ ಗಟ್ಟಿಗನಿಗೂ ಅನ್ವರ್ಥವಾಗಿ ನಿಂತುಬಿಟ್ಟಿತು. ಶತ್ರುವಿನ ಹಡಗು ಅರ್ಧಗಂಟೆಯಲ್ಲಿ ನುಡಿಗೊಂದು ಪದವನ್ನು ಕೊಟ್ಟಿತು. ಸರಕಾರದ ಯಾವ ಭಿತ್ತಿಪತ್ರಕ್ಕೂ ಆ ಭಾಗ್ಯ ದೊರಕಲಿಲ್ಲ. ಮೈಸೂರು ಸಂಸ್ಥಾನದ ಸ್ಥಿತಿ ಬೇರೆ: ಅಲ್ಲಿ ಮಹಾರಾಜರೇ ಯುದ್ಧನಿಧಿಗೆ ಐವತ್ತು ಲಕ್ಷ ರೂಪಾಯಿಗಳನ್ನು ಕೊಟ್ಟರು, ಸಂಸ್ಥಾನದ ಅಶ್ವದಳವು ೧೯೧೮ರ ಸೆಪ್ಟೆಂಬರು ೨೩ರಂದು ಹೈಫಾ ಪಟ್ಟಣದ ಮುತ್ತಿಗೆಯಲ್ಲಿ ಹೋರಾಡಿತು. ಅಲ್ಲಿ ಕರೆಯುವವನಿಗೆ ಮುಖವೂ ಮನೆತನವೂ ಇದ್ದವು. ಬಳ್ಳಾರಿಯ ರೈತನಿಗೆ ಯುದ್ಧಸಾಲದ ಪತ್ರವನ್ನು ಕಳುಹಿಸಿದವರಿಗೆ ಅವೆರಡೂ ಇರಲಿಲ್ಲ.

ಹಾಗೆಂದು ಈ ಸೀಮೆಯ ಜನಕ್ಕೆ ಯುದ್ಧದ ಚಿತ್ರಗಳು ಅಪರಿಚಿತವೆಂದು ತಿಳಿಯಬಾರದು. ಇದು ಪೂರ್ವದಲ್ಲಿ ನೊಳಂಬವಾಡಿ ಮೂವತ್ತೆರಡು ಸಾಸಿರಕ್ಕೆ ಸೇರಿದ ಕೋಗಳಿ ಐನೂರರ ಪರಿಸರ. ಉಚ್ಚಂಗಿಯ ಕೋಟೆ ಇಲ್ಲಿಯೇ ಇದೆ. ಕರ್ಣಾಟಕದ ಇತರ ಭಾಗಗಳಂತೆ ಇಲ್ಲಿಯೂ ವೀರಗಲ್ಲುಗಳು ಊರ ಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಮುಂದೆ ನಿಂತಿವೆ. ಅವುಗಳ ಕ್ರಮ ಎಲ್ಲರಿಗೂ ಪರಿಚಿತವಾದುದು: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಮೇಲೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ತುದಿಯಲ್ಲಿ ಶಿವಲಿಂಗದ ಸನ್ನಿಧಿ. ಗೆದ್ದವನಿಗೆ ಲಕ್ಷ್ಮಿ, ಸತ್ತವನಿಗೆ ಸುರಾಂಗನೆ ಎಂಬ ಅಭಿಪ್ರಾಯದ ಶ್ಲೋಕವು ಅನೇಕ ಕಲ್ಲುಗಳ ಮೇಲೆ ಪುನಃಪುನಃ ಬರುತ್ತದೆ. ಒಂದೇ ಮಾತನ್ನು ಊರೂರಿನಲ್ಲಿ ಕೆತ್ತಿ ನಿಲ್ಲಿಸುವುದೆಂದರೆ ಅದೂ ಒಂದು ಬಗೆಯ ಪ್ರಚಾರವೇ ಅಲ್ಲವೆ ಎಂದು ಯಾರಾದರೂ ಕೇಳಬಹುದು. ಕೇಳುವುದು ನ್ಯಾಯವೇ.

ಬೆಂಗಳೂರಿನ ವಸ್ತುಪ್ರದರ್ಶನಶಾಲೆಯಲ್ಲಿರುವ ಬೇಗೂರಿನ ಕಲ್ಲನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಸುಮಾರು ಕ್ರಿ.ಶ. ೯೦೦ರ ಕಾಲದ್ದಾದ ಈ ಶಾಸನದಂತೆ, ಗಂಗರ ಎಱೆಯಪ್ಪರಸನ ಆಜ್ಞೆಯಿಂದ ನಾಗತ್ತರನೆಂಬವನು ಅಯ್ಯಪದೇವನ ಸಹಾಯಕ್ಕೆ ಹೋಗಿ, ವೀರಮಹೇಂದ್ರನೊಡನೆ ತುಂಬೆಪಾಡಿಯಲ್ಲಿ ಕಾದಿ ಮಡಿದನು; ಅದನ್ನು ಕೇಳಿದ ಅರಸನು ಇರುಗನಿಗೆ ಬೆಂಪೂರು ಹನ್ನೆರಡನ್ನು ಕೊಟ್ಟನು. ಅಯ್ಯಪದೇವನು ನೊಳಂಬರ ಅರಸನೆಂಬುದನ್ನು ನೆನೆದರೆ ಈ ಕಥೆಯು ಕೊಟ್ಟೂರು ಸೀಮೆಗೆ ದೂರದ್ದಲ್ಲ. ಕಲ್ಲಿನ ಮೇಲೆ ಆನೆ ಕುದುರೆಗಳ ನೂಕುನುಗ್ಗಲು, ಬಿದ್ದ ಹೆಣಗಳು ಎಲ್ಲವೂ ಇವೆ. ಅರಸನ ಉದಾರತೆಯನ್ನು ಸಾರುವುದರಿಂದ ಇದು ಇತರರನ್ನು ಯುದ್ಧಕ್ಕೆ ಹುರಿದುಂಬಿಸುವಂಥದೆಂಬುದು ನಿಜ. ನೆತ್ತರುಗೊಡಗೆ, ಕಲ್ನಾಡು, ಬಾಳ್ಗಳ್ಚು ಮೊದಲಾದ ದತ್ತಿಯ ಹೆಸರುಗಳೇ ಇದನ್ನು ಸೂಚಿಸುತ್ತವೆ. ಪಂಜಾಬಿನ ಸಿಪಾಯಿಗಳಿಗೆ ಕಾಲುವೆಯ ಭೂಮಿಗಳನ್ನು ತೋರಿಸಿದುದಕ್ಕೂ ಇದಕ್ಕೂ ತತ್ತ್ವದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ವ್ಯತ್ಯಾಸವಿರುವುದು ಬೇರೆಡೆಯಲ್ಲಿ. ವೀರಗಲ್ಲು ಸತ್ತ ಮೇಲೆ ಮಾತಾಡುತ್ತದೆ, ಭಿತ್ತಿಪತ್ರವು ಸಾಯುವ ಮುನ್ನ. ವೀರಗಲ್ಲಿನ ಮಧ್ಯದಲ್ಲಿ ಮರಣವಿದೆ. ನೈಯಾಯಿಕರು ಹೇಳಿದ ಬಲವತ್ತರವಾದ ಅನಿಷ್ಟವನ್ನು ಅದು ಮುಚ್ಚುವುದಿಲ್ಲ, ಅದಕ್ಕೆ ಸ್ವರ್ಗವೆಂಬ ಉತ್ತರವನ್ನು ಕೊಡುತ್ತದೆ. ಉತ್ತರವನ್ನು ಒಪ್ಪುವುದೂ ಬಿಡುವುದೂ ನೋಡುವವನ ನಂಬಿಕೆಗೆ ಸೇರಿದ್ದು, ಪ್ರಶ್ನೆಯನ್ನಂತೂ ಮರೆಮಾಡಿಲ್ಲ. ಮೇಲಾಗಿ ಅಲ್ಲಿ ಸತ್ತವನಿಗೆ ಹೆಸರುಂಟು, ಊರುಂಟು, ಕಾರಣವುಂಟು. ತುರುಗೋಳಿನಲ್ಲಿ ಹಸುಗಳನ್ನು ಬಿಡಿಸಿ ಸತ್ತವನು, ಊರಳಿವಿನಲ್ಲಿ ಬಿದ್ದವನು, ಪೆಣ್ಬುಯ್ಯಲಿನಲ್ಲಿ ಹೆಂಗಸರ ಮಾನಕ್ಕಾಗಿ ಕಾದಿದವನು. ಇವರ ಶತ್ರು ಯಾರೆಂಬುದು ನಿಲ್ಲಿಸಿದವರಿಗೂ ನೋಡಿದವರಿಗೂ ಗೊತ್ತು. ಕ್ರಿ.ಶ. ೯೫೦ರ ಸುಮಾರಿನ ಆತಕೂರಿನ ಕಲ್ಲು ಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ ಎಂಬ ನಾಯಿಗೂ ಹೆಸರನ್ನುಳಿಸಿದೆ. ಭಿತ್ತಿಪತ್ರದ ಸಿಪಾಯಿಗೆ ಹೆಸರಿಲ್ಲ. ಹೆಸರಿದ್ದರೆ ಪತ್ರದ ಕೆಲಸವೇ ಕೆಡುತ್ತದೆ, ಆ ಸ್ಥಾನದಲ್ಲಿ ನೋಡುವವನು ತನ್ನನ್ನು ಇಟ್ಟುಕೊಳ್ಳಬೇಕಾಗಿದೆಯಷ್ಟೆ.

ಈ ನಾಡಿನ ಇನ್ನೊಂದು ಸಾರ್ವಜನಿಕ ವಾಕ್ಯವನ್ನೂ ಇಲ್ಲಿ ಹೋಲಿಸಬಹುದು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಭರತಹುಣ್ಣಿಮೆಯ ಜಾತ್ರೆಯ ಕಾಲದಲ್ಲಿ ಗೊರವಯ್ಯನು ಬಿಲ್ಲನ್ನೇರಿ, ಜನಸ್ತೋಮವನ್ನು ಸದ್ದಡಗಿಸಿ, ಒಂದೇ ಒಂದು ವಾಕ್ಯವನ್ನು ನುಡಿದು ಕೆಳಕ್ಕೆ ಬೀಳುತ್ತಾನೆ. ಇದೇ ಕಾರ್ಣಿಕ. ಕೆಲವೇ ದಿನಗಳ ಅಂತರದಲ್ಲಿ ಮಾಘ ಬಹುಳದಲ್ಲಿ ಕೊಟ್ಟೂರು ಗುರುಬಸವೇಶ್ವರನ ರಥೋತ್ಸವ. ಜಾತ್ರೆಯಿಂದ ಜಾತ್ರೆಗೆ, ಊರಿನಿಂದ ಊರಿಗೆ ಆ ವಾಕ್ಯವು ಕಾಗದವಿಲ್ಲದೆ ಸಂಚರಿಸುತ್ತದೆ. ಅದರ ಅರ್ಥವು ಗೂಢ. ಮಳೆಗೋ, ಬೆಳೆಗೋ, ರಾಜ್ಯದ ಏರುಪೇರಿಗೋ ಎಂದು ಕೇಳಿದವರೇ ಚರ್ಚಿಸಿ ಕೂಡಿಸಿಕೊಳ್ಳಬೇಕು. ಅಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ಕಾರ್ಣಿಕವು ಧ್ವನಿಪ್ರಧಾನ, ಭಿತ್ತಿಪತ್ರವು ವಾಚ್ಯಪ್ರಧಾನ. ಕೇಳುವವನಿಗೆ ಕೆಲಸವನ್ನು ಕೊಡುವ ವಾಕ್ಯವು ಅವನ ಬಾಯಲ್ಲಿ ಉಳಿಯುತ್ತದೆ. ಎಲ್ಲವನ್ನೂ ತಾನೇ ಹೇಳಿ ಮುಗಿಸುವ ವಾಕ್ಯವು ಗೋಡೆಯ ಮೇಲೆಯೇ ಉಳಿಯುತ್ತದೆ. ಇಂಥ ಶ್ರೋತೃಗಳ ನಡುವೆ ಮದ್ರಾಸಿನಿಂದ ಅಚ್ಚಾಗಿ ಬಂದ ವಾಕ್ಯವು ಸ್ಪರ್ಧಿಸಬೇಕಾಗಿದ್ದಿತು.

ಎರಡನೆಯ ಮಹಾಯುದ್ಧದಲ್ಲಿ ಈ ಸ್ಪರ್ಧೆ ಇನ್ನೂ ಕಠಿನವಾಯಿತು. ೧೯೩೯ನೆಯ ಸೆಪ್ಟೆಂಬರು ೩ರಂದು ವೈಸರಾಯ್ ಲಿನ್‌ಲಿತ್‌ಗೋ ಭಾರತದ ಪ್ರತಿನಿಧಿಗಳನ್ನು ಕೇಳದೆಯೇ ಭಾರತವು ಯುದ್ಧದಲ್ಲಿದೆಯೆಂದು ಸಾರಿದನು. ಆ ವರ್ಷದ ಕೊನೆಯೊಳಗೆ ಮದ್ರಾಸಿನದೂ ಸೇರಿ ಕಾಂಗ್ರೆಸ್ ಮಂತ್ರಿಮಂಡಲಗಳೆಲ್ಲ ರಾಜೀನಾಮೆ ಕೊಟ್ಟುವು. ಆಪ್ತವಾಕ್ಯವೇ ಶಬ್ದಪ್ರಮಾಣವೆಂಬುದು ಗೌತಮನ ಸೂತ್ರದ ತಾತ್ಪರ್ಯ. ಆಪ್ತನೆಂದರೆ ವಿಷಯವನ್ನು ತಿಳಿದವನು, ತಿಳಿದಂತೆ ಹೇಳುವವನು. ಸರಕಾರವು ವಿಷಯವನ್ನು ತಿಳಿದಿರಬಹುದು; ತಿಳಿದಂತೆ ಹೇಳುತ್ತದೆಂಬ ನಂಬಿಕೆ ಹೋಗಿದ್ದಿತು. ೧೯೪೦ನೆಯ ಅಕ್ಟೋಬರು ೧೭ರಂದು ಪವನಾರದಲ್ಲಿ ವಿನೋಬಾ ಅವರು ಆರಂಭಿಸಿದ ವೈಯಕ್ತಿಕ ಸತ್ಯಾಗ್ರಹದ ರೀತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬ್ರಿಟಿಷರ ಯುದ್ಧಕ್ಕೆ ಜನವನ್ನಾಗಲಿ ಧನವನ್ನಾಗಲಿ ಕೊಡುವುದು ತಪ್ಪೆಂಬ ಒಂದು ಮಾತನ್ನು ಸತ್ಯಾಗ್ರಹಿಯು ಬೀದಿಯಲ್ಲಿ ನಿಂತು ಹೇಳುತ್ತಿದ್ದನು. ಹೇಳಿದೊಡನೆ ಸೆರೆಮನೆಗೆ ಹೋಗುತ್ತಿದ್ದನು. ಇಪ್ಪತ್ತು ಸಾವಿರಕ್ಕೂ ಮಿಕ್ಕ ಜನ ಹೀಗೆ ಹೋದರು. ವಾಕ್ಯವು ಭಿತ್ತಿಪತ್ರದಷ್ಟೇ ಚಿಕ್ಕದು, ಅಷ್ಟೇ ವಾಚ್ಯ. ಹೇಳುವವನು ಮಾತ್ರ ಎದುರಿಗೆ ನಿಂತಿದ್ದನು, ಅದರ ಬೆಲೆಯನ್ನು ತಾನೇ ತೆರುತ್ತಿದ್ದನು. ಆಪ್ತತ್ವಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ಸಾಧಕ ಬೇಕೆ?

ಜಪಾನೀಯರ ವಿಮಾನಗಳು ೧೯೪೨ನೆಯ ಏಪ್ರಿಲ್ ೬ರಂದು ವಿಶಾಖಪಟ್ಟಣ ಕಾಕಿನಾಡಗಳ ಮೇಲೆ ಬಾಂಬುಗಳನ್ನು ಹಾಕಿದಾಗ ಮದ್ರಾಸಿನ ಕರಾವಳಿ ಮತ್ತೊಮ್ಮೆ ತಲ್ಲಣಿಸಿತು. ವದಂತಿಗಳನ್ನು ತಡೆಯುವುದಕ್ಕೆಂದೇ ಆ ವರ್ಷ ‘ರಾಷ್ಟ್ರೀಯ ಯುದ್ಧರಂಗ’ ಎಂಬ ಏರ್ಪಾಡು ಹುಟ್ಟಿತು. ಅದು ಸಭೆ, ಪತ್ರಿಕೆ, ಭಾಷಣ, ಭಿತ್ತಿಪತ್ರಗಳಿಂದ ಜನರ ಧೈರ್ಯವನ್ನು ಕಾಯಬೇಕಾಗಿದ್ದಿತು. ಆಗಸ್ಟ್ ಬಂದಿತು, ‘ಭಾರತ ಬಿಟ್ಟು ತೊಲಗಿ’ ಚಳವಳಿಯ ದಿನಗಳಲ್ಲಿ ರಾತ್ರಿ ಗುಟ್ಟಾಗಿ ತಯಾರಾದ ಕೈಬರಹದ ಹಾಳೆಗಳು ಅದೇ ಗೋಡೆಗಳನ್ನು ಹಂಚಿಕೊಂಡವು. ಪೂರ್ವದ ಗಡಿಯಲ್ಲಿ ಜಪಾನೀಯರು ಸಿಪಾಯಿಗಳಿಗಾಗಿ ಚಿತ್ರಪತ್ರಗಳನ್ನು ಆಕಾಶದಿಂದ ಉದುರಿಸಿದರು. ಒಂದೇ ಗೋಡೆಯ ಮೇಲೆ, ಒಂದೇ ಮೈದಾನದಲ್ಲಿ ಪರಸ್ಪರ ವಿರುದ್ಧವಾದ ವಿಧಿಗಳು ಬಂದಾಗ ಓದುವವನು ತಾನೇ ಮೀಮಾಂಸಕನಾಗಬೇಕಾಗುತ್ತದೆ.

ಆ ವರ್ಷಗಳಲ್ಲಿಯೇ ಹೊರಟ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಪ್ರಚಾರವು ಈ ಸೀಮೆಗೆ ಬಂದಾಗ ಮಾತಿನ ಇನ್ನೊಂದು ದೋಷವು ಹೊರಬಿತ್ತು. ವಾಕ್ಯಾರ್ಥಬೋಧಕ್ಕೆ ಆಕಾಂಕ್ಷೆ, ಸನ್ನಿಧಿಗಳಂತೆ ಯೋಗ್ಯತೆಯೂ ಬೇಕು. ‘ಬೆಂಕಿಯಿಂದ ನೆನೆಸು’ ಎಂಬುದು ಯೋಗ್ಯತೆಯಿಲ್ಲದ ವಾಕ್ಯವೆಂದು ತರ್ಕದ ಮೊದಲ ಪಾಠದಲ್ಲಿಯೇ ಕಲಿಸುತ್ತಾರೆ. ಕೂಡ್ಲಿಗಿಯಂಥ ಒಣಸೀಮೆಯಲ್ಲಿ, ೧೮೭೬–೭೮ರ ಮಹಾಕ್ಷಾಮದಲ್ಲಿ ದಕ್ಷಿಣದೇಶದಲ್ಲೆಲ್ಲ ಅತ್ಯಂತ ನೊಂದ ಜಿಲ್ಲೆಗಳಲ್ಲೊಂದಾದ ಬಳ್ಳಾರಿಯಲ್ಲಿ, ನೀರನ್ನು ಕೊಡದೆ ಬೆಳೆಯನ್ನು ಬೇಡುವ ವಾಕ್ಯಕ್ಕೆ ಯೋಗ್ಯತೆ ಎಷ್ಟಿದ್ದೀತು? ತುಂಗಭದ್ರೆಯ ಅಣೆಕಟ್ಟಿನ ಅಸ್ತಿಭಾರ ಬಿದ್ದುದೇ ೧೯೪೫ರಲ್ಲಿ. ನೀರು ಹೊಲಕ್ಕೆ ಹರಿದುದು ಯುದ್ಧ ಮುಗಿದು, ಆಳುವವರೂ ಹೋದ ಬಳಿಕ. ಅತ್ತ ಬಂಗಾಳದಲ್ಲಿ ೧೯೪೩ರ ಕ್ಷಾಮವನ್ನು ಚಿತ್ರಿಸಿದ ಚಿತ್ತಪ್ರಸಾದನ ಪುಸ್ತಕದ ಪ್ರತಿಗಳನ್ನು ಸರಕಾರವು ಮುಟ್ಟುಗೋಲು ಹಾಕಿಕೊಂಡಿತು. ತಾನು ಅಚ್ಚುಹಾಕಿದ ಚಿತ್ರಗಳಿಗಿಂತ ಆ ರೇಖೆಗಳಿಗೆ ಬಲ ಹೆಚ್ಚೆಂದು ಅದು ತಾನಾಗಿಯೇ ಒಪ್ಪಿಕೊಂಡಂತಾಯಿತು.

ಇಷ್ಟೆಲ್ಲ ಹೇಳಿದ ಮೇಲೆಯೂ ಒಂದು ಆಕ್ಷೇಪ ಉಳಿಯುತ್ತದೆ. ಎರಡನೆಯ ಯುದ್ಧದಲ್ಲಿ ಭಾರತದಿಂದ ಇಪ್ಪತ್ತೈದು ಲಕ್ಷ ಜನ, ಕಡ್ಡಾಯವಿಲ್ಲದೆ, ಸೇನೆಗೆ ಸೇರಿದರಲ್ಲ. ಮೊದಲನೆಯ ಯುದ್ಧಕ್ಕೆ ಹೋಲಿಸಿದರೆ ಮದ್ರಾಸ್ ಪ್ರಾಂತದವರ ಸಂಖ್ಯೆ ಬಹಳ ಹೆಚ್ಚಾಯಿತಲ್ಲ. ಇದು ಪ್ರ಼ಚಾರದ ಫಲವಲ್ಲವೆ? ಅನ್ವಯವ್ಯತಿರೇಕಗಳಿಂದ ಪರೀಕ್ಷಿಸಿದರೆ ಹಾಗೆ ತೋರುವುದಿಲ್ಲ. ಧಾನ್ಯದ ಬೆಲೆ ಏರಿದ ವರ್ಷಗಳಲ್ಲಿ ತಿಂಗಳ ಸಂಬಳವೂ ಎರಡು ಹೊತ್ತಿನ ಊಟವೂ ಬಟ್ಟೆಯೂ ನಿಶ್ಚಿತವಾಗಿದ್ದ ಉದ್ಯೋಗ ಅದೊಂದೇ. ಹಸಿದವನಿಗೆ ಅರ್ಥವಾದ ಬೇಕಿಲ್ಲ. ಸಮವಸ್ತ್ರ, ಹಣ, ಬಂದೂಕುಗಳನ್ನಷ್ಟೇ ತೋರಿಸಿದ ಆ ಉರ್ದು ಪತ್ರವು ದೇಶದ ಹೆಸರನ್ನೆತ್ತಿದ ಪತ್ರಗಳೆಲ್ಲಕ್ಕಿಂತ ಹೆಚ್ಚು ಪ್ರಾಮಾಣಿಕವಾಗಿದ್ದಿತು.

ಕಡೆಯದಾಗಿ ಭಾಷೆಯನ್ನು ಕುರಿತು ಒಂದು ಮಾತು, ಅಧ್ಯಾಪಕರ ಗಮನಕ್ಕೆ. ೧೯೩೯ರಲ್ಲಿ ಇಂಗ್ಲೆಂಡಿನ ಸರಕಾರವು ಹೊರಡಿಸಿದ ಪತ್ರವೊಂದು, ನಿಮ್ಮ ಧೈರ್ಯ, ನಿಮ್ಮ ಹರ್ಷ, ನಿಮ್ಮ ನಿಶ್ಚಯಗಳು ನಮಗೆ ಜಯವನ್ನು ತರುವುವೆಂದು ಹೇಳಿತು. ಕಷ್ಟ ‘ನಿಮ್ಮದು’, ಜಯ ‘ನಮ್ಮದು’ ಎಂದು ಜನ ಅದನ್ನು ಓದಿಕೊಂಡರು. ಜನಾಭಿಪ್ರಾಯವನ್ನು ಸಂಗ್ರಹಿಸುತ್ತಿದ್ದ ಸಂಸ್ಥೆಯೊಂದು ಇದನ್ನು ಅಂದೇ ಎತ್ತಿ ತೋರಿಸಿತು. ಎರಡು ಸರ್ವನಾಮಗಳು ಪತ್ರದ ಬುಡವನ್ನೇ ಕಡಿದುವು. ಬಳ್ಳಾರಿಯ ಗಡಿಯಲ್ಲಿ ಒಂದೇ ಮಾತನ್ನು ತೆಲುಗಿಗೂ ಕನ್ನಡಕ್ಕೂ ತರುವವನ ಸಂಕಟವನ್ನು ಇದರಿಂದ ಊಹಿಸಬಹುದು. ತೆಲುಗಿನಲ್ಲಿ ‘ಮನ’ ಎಂದರೆ ಕೇಳುವವನೂ ಸೇರಿದ ನಾವು, ‘ಮಾ’ ಎಂದರೆ ಕೇಳುವವನನ್ನು ಬಿಟ್ಟ ನಾವು. ಬರೆಯುವವನು ಎರಡರಲ್ಲೊಂದನ್ನು ಆರಿಸಲೇಬೇಕು, ಆರಿಸಿದೊಡನೆ ಅವನ ಪಕ್ಷವು ಬಯಲಾಗುತ್ತದೆ. ಹಳಗನ್ನಡದ ‘ಎಮ್ಮ’, ‘ನಮ್ಮ’ಗಳಲ್ಲಿಯೂ ಒಂದು ಕಾಲಕ್ಕೆ ಇಂಥ ಭೇದವಿದ್ದಿತೆಂದು ದ್ರಾವಿಡಭಾಷಾಶಾಸ್ತ್ರಜ್ಞರು ಅಭಿಪ್ರಾಯಪಡುತ್ತಾರೆ, ಹೊಸಗನ್ನಡದಲ್ಲಿ ಅದು ಅಳಿದುಹೋಗಿ ‘ನಮ್ಮ’ ಎಂಬುದೊಂದೇ ಉಳಿದಿದೆ. ‘ನಮ್ಮ ದೇಶ’, ‘ನಮ್ಮ ಜಯ’ ಎಂದು ಕನ್ನಡದಲ್ಲಿ ಬರೆದರೆ ಓದುವವನು ಒಳಗಿರುವನೋ ಹೊರಗಿರುವನೋ ವ್ಯಾಕರಣವು ಹೇಳುವುದಿಲ್ಲ. ೧೯೪೨ರಲ್ಲಿ ಹಗಲು ಅಂಟಿಸಿದ ಸರಕಾರದ ಪತ್ರಕ್ಕೂ ರಾತ್ರಿ ಅಂಟಿಸಿದ ಚಳವಳಿಯ ಹಾಳೆಗೂ ಒದಗಬಹುದಾಗಿದ್ದ ಪದ ಅದೊಂದೇ. ಯಾವುದು ಯಾರ ‘ನಮ್ಮ’ ಎಂಬುದನ್ನು ಗೋಡೆಯ ಮುಂದೆ ನಿಂತು ಓದಿ ಹೇಳಿದವನ ದನಿಯೇ ನಿರ್ಣಯಿಸಬೇಕಾಗಿದ್ದಿತು.